ಒಡೆದ ಮನೆಯ ಕಾಂಕ್ರೀಟು, ಕಡಲಡಿಯ ಮೀನು

(ಕಾಸರಗೋಡು ಜಿಲ್ಲೆಯ ಉಪ್ಪಳದ ಹತ್ತಿರದ ಒಂದು ವಾಚನಾಲಯದಲ್ಲಿ, ಮೀನುಗಾರ ಮನೆಗಳವರು ಮತ್ತು ಹೈಸ್ಕೂಲು ಮಕ್ಕಳು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಬಿಡಿಸಿ ಹೇಳಿದ್ದೇನೆ. ಸಭೆಯಲ್ಲಿ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ರಾಷ್ಟ್ರೀಯ ಹೆದ್ದಾರಿ 66 ಅಗಲವಾಗುವಾಗ ತಲಪಾಡಿಯಿಂದ ಕಾಲಿಕ್ಕಡವಿನವರೆಗೆ ಎಷ್ಟು ಮನೆ, ಎಷ್ಟು ಅಂಗಡಿ, ಎಷ್ಟು ಕಂಪೌಂಡು ಗೋಡೆ ಒಡೆದರು ಅನ್ನುವುದನ್ನು ನೀವೆಲ್ಲ ಕಣ್ಣಾರೆ ಕಂಡಿದ್ದೀರಿ. ರಸ್ತೆ ಬದಿಯಲ್ಲಿ ಸ್ಲ್ಯಾಬಿನ ತುಂಡು, ಪಿಲ್ಲರಿನ ತುಂಡು, ಒಡೆದ ಮೋರಿ ಪೈಪು ರಾಶಿ ಬಿದ್ದಿತ್ತು. ಆ ಹೊತ್ತಿನಲ್ಲಿ ಸಿಕ್ಕಿದವರೆಲ್ಲ ನನ್ನನ್ನು ಕೇಳುತ್ತಿದ್ದರು: "ಇದನ್ನೆಲ್ಲ ಕಡಲಿಗೆ ಹಾಕಿದರೆ ಮೀನಿಗೆ ಮನೆ ಆಗ್ತದಂತೆ ಅಲ್ವಾ? ನೀವು ಡೈವಿಂಗ್ ಮಾಡುವವರು, ನೋಡಿರಬೇಕಲ್ಲ?"

ನೋಡಿದ್ದೇನೆ. ಕೆಲವು ಕಡೆ ಮೀನಿಗೆ ಮನೆ ಆಗಿದೆ. ಕೆಲವು ಕಡೆ ಕಡಲಿಗೆ ದೊಡ್ಡ ಹೊರೆಯೂ ಆಗಿದೆ. ಒಂದೇ ತರದ ಕೆಲಸ, ಒಂದು ಕಡೆ ಒಳ್ಳೆಯದು, ಇನ್ನೊಂದು ಕಡೆ ಅನಾಹುತ. ಯಾಕೆ ಹೀಗೆ ಅಂತ ಹೇಳುವುದಕ್ಕೇ ಇವತ್ತು ಬಂದಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. "ನಮ್ಮ ಹತ್ತಿರ ಇಷ್ಟು ಕಸ ಉಂಟು, ಎಲ್ಲಿ ಹಾಕುವುದು?" ಅಂತ ಶುರು ಮಾಡಿದವರು ಸೋತಿದ್ದಾರೆ. "ಈ ಜಾಗದ ಮೀನಿಗೆ ಏನು ಬೇಕು, ಇಲ್ಲಿ ಬಲೆ ಬೀಸುವವರಿಗೆ ಏನು ಬೇಕು?" ಅಂತ ಶುರು ಮಾಡಿದವರು ಗೆದ್ದಿದ್ದಾರೆ.

ಮೊದಲು ನಮ್ಮ ಕಡಲಿನ ತಳ ಹೇಗಿದೆ ಅಂತ ನೋಡೋಣ. ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ದಡದಿಂದ ಹೊರಗೆ ಹೋದರೆ ಹೆಚ್ಚಿನ ಕಡೆ ಮರಳು, ಆಮೇಲೆ ಕೆಸರು. ಕಲ್ಲು ಇರುವುದು ಅಲ್ಲೊಂದು ಇಲ್ಲೊಂದು ಕಡೆ. ಆ ಕಲ್ಲು ಎಲ್ಲಿದೆ ಅಂತ ಹಿರಿಯ ಮೀನುಗಾರರಿಗೆ ಬಾಯಿಪಾಠ. ದಡದ ಎರಡು ಗುರುತುಗಳನ್ನು ಒಂದೇ ಗೆರೆಗೆ ತಂದು, ಇನ್ನೊಂದು ಕಡೆಯಿಂದ ಮತ್ತೆರಡು ಗುರುತು ಹಿಡಿದು, ಆ ಗೆರೆಗಳು ಕೂಡುವಲ್ಲಿ ಗಾಳ ಬಿಡುತ್ತಾರೆ. ಬೇಕಲ ಕೋಟೆಯ ಬುರುಜು, ಗುಡ್ಡದ ತುದಿಯ ಒಂಟಿ ಮರ, ಮಸೀದಿಯ ಮಿನಾರ, ದೇವಸ್ಥಾನದ ಗೋಪುರ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಜಿಪಿಎಸ್ ಬರುವ ಎಷ್ಟೋ ಮೊದಲಿನ ವಿದ್ಯೆ ಇದು. ತಿರುವನಂತಪುರದ ಕಡೆಯ ಮೀನುಗಾರರು ಇದಕ್ಕೆ ಕಣಿಚ್ಚಂ ಅನ್ನುತ್ತಾರೆ.

ಕಲ್ಲಿನ ಹತ್ತಿರವೇ ಯಾಕೆ ಗಾಳ? ಯಾಕೆಂದರೆ ಕಡಲಿನ ಎಷ್ಟೋ ಜೀವಿಗಳು ಮರಿಯಾಗಿದ್ದಾಗ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ನೀರಿನಲ್ಲಿ ತೇಲುತ್ತಿರುತ್ತವೆ. ಬೆಳೆಯಬೇಕಾದರೆ ಅವಕ್ಕೆ ಹಿಡಿದು ಕೂರಲು ಗಟ್ಟಿ ಜಾಗ ಬೇಕು. ಮರಳು ದಿನಾ ಸರಿಯುತ್ತದೆ, ಕೆಸರು ಮುಚ್ಚುತ್ತದೆ. ಗಟ್ಟಿ ಜಾಗ ಸಿಗದ ಮರಿ ಸಾಯುತ್ತದೆ, ಇಲ್ಲವೇ ಯಾರದೋ ಬಾಯಿಗೆ ಹೋಗುತ್ತದೆ. ಪಡನ್ನ, ಚೆರುವತ್ತೂರು, ವಲಿಯಪರಂಬ ಕಡೆ ಹಿನ್ನೀರಿನಲ್ಲಿ ಹಗ್ಗ ಇಳಿಬಿಟ್ಟು ಪಚ್ಚಿಲೆ ಬೆಳೆಸುವುದನ್ನು ನೋಡಿದ್ದೀರಲ್ಲ? ಮಲಯಾಳದಲ್ಲಿ ಕಲ್ಲುಮ್ಮಕ್ಕಾಯ. ಅದರ ಬೀಜವನ್ನು ಹಗ್ಗಕ್ಕೆ ಬಟ್ಟೆ ಸುತ್ತಿ ಕಟ್ಟುತ್ತಾರೆ. ಬಟ್ಟೆ ಕೊಳೆತು ಹೋಗುವಷ್ಟರಲ್ಲಿ ಅದು ತನ್ನದೇ ನೂಲು ಬಿಟ್ಟು ಹಗ್ಗವನ್ನು ಹಿಡಿದಿರುತ್ತದೆ. ಹಿಡಿಯಲು ಒಂದು ಆಸರೆ ಕೊಟ್ಟರೆ ಸಾಕು, ಊಟ ಅದೇ ನೀರಿನಿಂದ ಸೋಸಿಕೊಳ್ಳುತ್ತದೆ. ಕೃತಕ ಬಂಡೆ, ಅಂದರೆ ಮೀನಿಗೆಂದು ಮನುಷ್ಯ ಕಡಲಡಿಗೆ ಇಳಿಸುವ ಗಟ್ಟಿ ಆಸರೆ, ಅದರ ಹಿಂದೆ ಇರುವುದೂ ಇಷ್ಟೇ ವಿಷಯ.

ಕಾಂಕ್ರೀಟಿನ ಒಂದು ತುಂಡು ಕಡಲಡಿಗೆ ಹೋದ ದಿನವೇ ಅದರ ಮೇಲೆ ಬ್ಯಾಕ್ಟೀರಿಯಾದ ಲೋಳೆ ಪದರ ಹಿಡಿಯುತ್ತದೆ. ಆಮೇಲೆ ಪಾಚಿ. ಆಮೇಲೆ ದೋಣಿಯ ಅಡಿಗೆ ಹಿಡಿಯುವ, ಕಾಲಿಟ್ಟರೆ ಕೊಯ್ಯುವ ಆ ಬಿಳಿ ಚಿಪ್ಪು, ಬಾರ್ನಕಲ್. ಆಮೇಲೆ ಸ್ಪಂಜು, ಸಿಂಪಿ, ಪಚ್ಚಿಲೆ, ಮೆತ್ತನೆಯ ಹವಳ. ಇವನ್ನು ತಿನ್ನಲು ಸಣ್ಣ ಏಡಿ, ಸಿಗಡಿ, ಹುಳ ಬರುತ್ತವೆ. ಅವನ್ನು ತಿನ್ನಲು ಮೀನು. ದೊಡ್ಡ ಮೀನು ಮಾತ್ರ ಇಷ್ಟೆಲ್ಲ ಆಗುವ ತನಕ ಕಾಯುವುದಿಲ್ಲ. ನೆರಳು, ಸಂದು ಸಿಕ್ಕಿದರೆ ಸಾಕು, ಕೆಲವೇ ದಿನಗಳಲ್ಲಿ ಬಂದು ಸೇರುತ್ತವೆ. ಇದು ನೆನಪಿನಲ್ಲಿರಲಿ, ಈ ಮಾತಿನಿಂದಲೇ ಮುಂದೆ ಒಂದು ಜಗಳ ಹುಟ್ಟುತ್ತದೆ.

ಈಗ ಕೆಳಗೆ ಇಳಿಯೋಣ. ಪುದುಚೇರಿಯ ಕರಾವಳಿಯಲ್ಲಿ, ಸುಮಾರು ಹತ್ತು ಮಾರು ಆಳದಲ್ಲಿ, ಟೆಂಪಲ್ ರೀಫ್ ಅನ್ನುವ ಜಾಗ ಇದೆ. ಡೈವಿಂಗ್ ಮಾಡುವವರೇ ಕಾಂಕ್ರೀಟು, ಕಬ್ಬಿಣ, ಕಲ್ಲು, ಹಗ್ಗ ಇಂಥ ಬಳಸಿಬಿಟ್ಟ ಸಾಮಾನುಗಳಿಂದ ಕಟ್ಟಿದ ಬಂಡೆ ಅದು. ಹತ್ತು ಮಾರು ಅಂದರೆ 18 ಮೀಟರ್. ಹೊಸದಾಗಿ ಕಲಿತವರಿಗೆ ಅಷ್ಟೇ ಮಿತಿ.

ಬೋಟಿನ ಅಂಚಿನಲ್ಲಿ ಕೂತು ಹಿಂದಕ್ಕೆ ಬೀಳುತ್ತೇವೆ. ಬೆನ್ನಿಗೆ ಗಾಳಿಯ ಸಿಲಿಂಡರು. ಅದರಲ್ಲಿ ಇರುವುದು ನಾವು ಉಸಿರಾಡುವ ಮಾಮೂಲಿ ಗಾಳಿಯೇ. ಎಷ್ಟೋ ಜನ ಬರೀ ಆಮ್ಲಜನಕ ಅಂದುಕೊಂಡಿದ್ದಾರೆ, ಹಾಗಲ್ಲ. 12 ಲೀಟರಿನ ಸಿಲಿಂಡರಿನಲ್ಲಿ 200 ಪಟ್ಟು ಒತ್ತಡದಲ್ಲಿ ತುಂಬಿದರೆ ಸುಮಾರು 2,400 ಲೀಟರ್ ಗಾಳಿ. ಬಾಯಿಗೆ ಇಟ್ಟುಕೊಳ್ಳುವ ರೆಗ್ಯುಲೇಟರು ನಾವು ಇರುವ ಆಳಕ್ಕೆ ಎಷ್ಟು ಒತ್ತಡ ಬೇಕೋ ಅಷ್ಟರಲ್ಲೇ ಗಾಳಿ ಕೊಡುತ್ತದೆ. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೋ ಮತ್ತು ಎಮಿಲ್ ಗಾಞಾನ್ ಇದನ್ನು ಮಾಡಿ ತೋರಿಸಿದ ಮೇಲೇ ಸಾಮಾನ್ಯ ಜನ ಕಡಲಡಿಗೆ ಹೋಗುವ ಹಾಗಾಯಿತು.

ಪ್ರತಿ 10 ಮೀಟರಿಗೆ ನೀರಿನ ಒತ್ತಡ ಒಂದು ವಾತಾವರಣದಷ್ಟು ಏರುತ್ತದೆ. ಹತ್ತು ಮೀಟರಿನಲ್ಲಿ ಎರಡು ಪಟ್ಟು, ಇಪ್ಪತ್ತರಲ್ಲಿ ಮೂರು ಪಟ್ಟು. ಹಾಗಾಗಿ ಆಳಕ್ಕೆ ಹೋದಷ್ಟೂ ಸಿಲಿಂಡರು ಬೇಗ ಖಾಲಿ. ಮೊದಲ ಎರಡು ಮೂರು ಮೀಟರಿನಲ್ಲೇ ಕಿವಿ ಹಿಡಿಯುತ್ತದೆ. ಮೂಗು ಹಿಸುಕಿ ಮೆಲ್ಲಗೆ ಊದಬೇಕು, ಕಿವಿ ಬಿಡುತ್ತದೆ. ಬಿಡದಿದ್ದರೆ ಸ್ವಲ್ಪ ಮೇಲೆ ಬರಬೇಕು, ಹಠ ಮಾಡಬಾರದು. ಉಸಿರನ್ನು ಮಾತ್ರ ಯಾವತ್ತೂ ಹಿಡಿದಿಡಬಾರದು. ಹಿಡಿದುಕೊಂಡು ಮೇಲೆ ಬಂದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯುತ್ತದೆ. ಡೈವಿಂಗಿನಲ್ಲಿ ಮೊದಲ ನಿಯಮ ಇದು, ಇದಕ್ಕೆ ವಿನಾಯಿತಿ ಇಲ್ಲ.

ಕೆಳಗೆ ಹೋಗುತ್ತಾ ಬಣ್ಣ ಹೋಗುತ್ತದೆ. ಮೊದಲು ಕೆಂಪು. ಹತ್ತು ಮೀಟರ್ ದಾಟಿದ ಮೇಲೆ ಕೆಂಪು ವಸ್ತು ಕಂದು ಬೂದಿಯಾಗಿ ಕಾಣುತ್ತದೆ. ತಳದಲ್ಲಿ ಮೊದಲು ಕಾಣುವುದು ಒಂದು ದೊಡ್ಡ ಕಪ್ಪು ಆಕಾರ. ಹತ್ತಿರ ಹೋದಾಗ ಮೂಲೆ ಕಾಣುತ್ತದೆ, ನೇರ ಗೆರೆ ಕಾಣುತ್ತದೆ. ಕಡಲಿನಲ್ಲಿ ನೇರ ಗೆರೆ ಅಪರೂಪ. ಇದು ಮನುಷ್ಯ ಮಾಡಿದ್ದು ಅಂತ ಅಲ್ಲಿಗೆ ಗೊತ್ತಾಗುತ್ತದೆ.

ಇಂಥ ಕಡೆ ಹೋದವರು ಇಡೀ ಬಂಡೆಯನ್ನು ಒಂದೇ ಸಲ ಸುತ್ತಲು ಹೊರಡುತ್ತಾರೆ. ನನಗೆ ಒಂದೇ ತುಂಡಿನ ಮುಂದೆ ನಿಲ್ಲುವುದು ಇಷ್ಟ. ಒಂದು ಒಡೆದ ಸಿಮೆಂಟು ಪೈಪನ್ನು ತೆಗೆದುಕೊಳ್ಳಿ. ಟಾರ್ಚು ಹಾಕಿದ ಕೂಡಲೇ ಬೂದಿ ಬಣ್ಣದ ಮೈ ಕೆಂಪು, ಕಿತ್ತಳೆ, ಹಳದಿ ಆಗುತ್ತದೆ. ಅದೆಲ್ಲ ಸ್ಪಂಜು. ಅದರ ನಡುವೆ ಬಾರ್ನಕಲ್. ಪ್ರತಿಯೊಂದು ಚಿಪ್ಪಿನ ಬಾಯಿಂದಲೂ ರೆಕ್ಕೆಪುಕ್ಕದ ತರದ ಕಾಲು ಹೊರಬಂದು ನೀರನ್ನು ಬಾಚಿ ಒಳಗೆ ಹೋಗುತ್ತದೆ, ಮತ್ತೆ ಬರುತ್ತದೆ. ಅದು ಊಟ ಮಾಡುವ ರೀತಿ. ಸತ್ತುಹೋದ ಒಂದು ಚಿಪ್ಪಿನೊಳಗಿಂದ ಬೆರಳ ತುದಿಯಷ್ಟು ಸಣ್ಣ ಮೀನಿನ ತಲೆ ಮಾತ್ರ ಹೊರಗೆ ಕಾಣುತ್ತದೆ. ಬ್ಲೆನ್ನಿ ಅನ್ನುವ ಮೀನು. ಖಾಲಿ ಬಾರ್ನಕಲ್ಲೇ ಅದರ ಮನೆ. ಮೊಟ್ಟೆ ಇಡುವುದೂ ಅದರೊಳಗೇ. ನಾವು ಇನ್ನಷ್ಟು ಹತ್ತಿರ ಹೋದರೆ ಒಳಗೆ ಸರಿಯುತ್ತದೆ, ಹಿಂದೆ ಬಂದರೆ ಮತ್ತೆ ತಲೆ ಹೊರಗೆ. ಪೈಪಿನ ಒಳಗೆ ಟಾರ್ಚು ಹಾಯಿಸಿದರೆ ಕತ್ತಲಲ್ಲಿ ಒಂದು ದಪ್ಪ ತುಟಿ, ಎರಡು ಕಣ್ಣು. ಅದು ಗ್ರೂಪರ್. ಗಲ್ಫಿನಲ್ಲಿ ಇದ್ದು ಬಂದವರಿಗೆ ಹಮೂರ್ ಅಂದರೆ ಬಾಯಲ್ಲಿ ನೀರು ಬರುತ್ತದೆ, ಅದೇ ಜಾತಿ. ಪೈಪಿನ ಮೇಲೆ ಸಣ್ಣ ಮೀನುಗಳ ಗುಂಪು, ಎಲ್ಲವೂ ಹರಿವಿಗೆ ಮುಖ ಕೊಟ್ಟು ನಿಂತಿರುತ್ತವೆ.

ಏನನ್ನೂ ಮುಟ್ಟಬಾರದು. ಹೈಡ್ರಾಯ್ಡ್ ಅನ್ನುವ ಗಿಡದ ತರದ ಪ್ರಾಣಿ ಸೋಕಿದರೆ ಚರ್ಮ ಉರಿಯುತ್ತದೆ. ಲಯನ್ ಫಿಶ್ ಮುಳ್ಳಿನಲ್ಲಿ ವಿಷ ಇದೆ. ಹೊರಗೆ ಚಾಚಿಕೊಂಡ ಕಬ್ಬಿಣದ ಸರಳು ಇದ್ದರೆ ಅದು ಎಲ್ಲಕ್ಕಿಂತ ಅಪಾಯ.

ಮೇಲೆ ಬರುವಾಗ ಆತುರ ಬೇಡ. ಒತ್ತಡದಲ್ಲಿ ಉಸಿರಾಡಿದ ಸಾರಜನಕ ರಕ್ತದಲ್ಲಿ ಕರಗಿರುತ್ತದೆ. ಸೋಡಾ ಬಾಟಲಿಯ ಮುಚ್ಚಳವನ್ನು ಒಮ್ಮೆಲೇ ತೆಗೆದರೆ ಏನಾಗುತ್ತದೋ ಅದೇ ಮೈಯೊಳಗೂ ಆಗುತ್ತದೆ. ಮಿನಿಟಿಗೆ 9 ಮೀಟರಿಗಿಂತ ಬೇಗ ಏರಬಾರದು, 5 ಮೀಟರಿನಲ್ಲಿ ಮೂರು ಮಿನಿಟು ನಿಲ್ಲಬೇಕು. ಮೇಲೆ ಹೋಗೋಣ ಅನ್ನಲು ಹೆಬ್ಬೆರಳು ಮೇಲೆತ್ತಬೇಕು. ಮಕ್ಕಳೇ, ನೀವು ಫೋನಿನಲ್ಲಿ ಒತ್ತುವ ಆ ಹೆಬ್ಬೆರಳು ನೀರಿನೊಳಗೆ ಚೆನ್ನಾಗಿದೆ ಅಂತ ಅರ್ಥ ಕೊಡುವುದಿಲ್ಲ. ಚೆನ್ನಾಗಿದ್ದೇನೆ ಅನ್ನಲು ಹೆಬ್ಬೆರಳು, ತೋರುಬೆರಳು ಕೂಡಿಸಿ ಸೊನ್ನೆ ಮಾಡಬೇಕು.

ಇಷ್ಟು ಚೆಂದ ಇದ್ದರೆ ಎಲ್ಲ ಕಡೆ ಹಾಕಿಬಿಡಬಹುದಲ್ಲ ಅಂತ ನಿಮಗೆ ಅನ್ನಿಸಬಹುದು. ಈಗ ಇನ್ನೊಂದು ಮುಖ ಹೇಳುತ್ತೇನೆ.

ಅಮೆರಿಕದ ಫ್ಲಾರಿಡಾದಲ್ಲಿ, ಫೋರ್ಟ್ ಲಾಡರ್‌ಡೇಲ್ ಹತ್ತಿರ, 1972ರಲ್ಲಿ ಹಳೇ ಟಯರುಗಳನ್ನು ಕಟ್ಟುಕಟ್ಟಾಗಿ ಕಡಲಿಗೆ ಇಳಿಸಿದರು. ಸುಮಾರು 20 ಲಕ್ಷ ಟಯರು. ಓಸ್ಬಾರ್ನ್ ರೀಫ್ ಅಂತ ಹೆಸರು. ಸದುದ್ದೇಶವೇ. ಮೀನೂ ಬರುತ್ತದೆ, ಊರಿನ ಟಯರೂ ಖಾಲಿಯಾಗುತ್ತದೆ ಅಂತ ಲೆಕ್ಕ. ಆದರೆ ಟಯರು ಹಗುರ. ಕಟ್ಟಿದ ಕಬ್ಬಿಣದ ಕ್ಲಿಪ್ಪು ಉಪ್ಪುನೀರಿಗೆ ತುಕ್ಕು ಹಿಡಿಯಿತು, ನೈಲಾನು ಪಟ್ಟಿ ಕಿತ್ತಿತು. ಬಿರುಗಾಳಿ ಬಂದಾಗಲೆಲ್ಲ ಬಿಡಿ ಟಯರುಗಳು ತಳದಲ್ಲಿ ಓಡಾಡಿ ಪಕ್ಕದ ಜೀವಂತ ಹವಳದ ಬಂಡೆಗೆ ಬಡಿದವು. ಓಡಾಡುವ ಟಯರಿನ ಮೇಲೆ ಹೆಚ್ಚೇನೂ ಬೆಳೆಯಲೂ ಇಲ್ಲ. 2007ರಿಂದ ಸೈನ್ಯದ ಡೈವರುಗಳನ್ನು ಇಳಿಸಿ ಒಂದೊಂದಾಗಿ ಎತ್ತುವ ಕೆಲಸ ಶುರುವಾಯಿತು. ಹಾಕುವಾಗ ಆದ ಖರ್ಚಿಗಿಂತ ತೆಗೆಯುವ ಖರ್ಚು ಎಷ್ಟೋ ಜಾಸ್ತಿ.

ನಮ್ಮ ಪಕ್ಕದ್ದೇ ನೋಡಿ. 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಹಡಗು 640 ಕಂಟೇನರುಗಳ ಜೊತೆ ಕೇರಳದ ಕಡಲಿನಲ್ಲಿ ಮುಳುಗಿತು. ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ಕಾಳು ದಡದ ತುಂಬ ಹರಡಿತು. ಹಡಗು ಮುಳುಗಿದರೆ ಮೀನು ಸೇರುತ್ತದೆ ಅನ್ನುವುದು ನಿಜ. ಆದರೆ ಒಳಗಿನ ಎಣ್ಣೆ, ಬಣ್ಣ, ಪ್ಲಾಸ್ಟಿಕ್ ತೆಗೆಯದೆ ಮುಳುಗಿದ್ದು ಮೊದಲು ವಿಷವನ್ನೇ ಕೊಡುತ್ತದೆ. ಬೇಕೆಂದೇ ಹಡಗು ಮುಳುಗಿಸುವ ಕಡೆ ತಿಂಗಳುಗಟ್ಟಲೆ ಅದನ್ನು ತೊಳೆದು, ಕಿತ್ತು, ಪರೀಕ್ಷೆ ಮಾಡಿ ಆಮೇಲೆ ಇಳಿಸುತ್ತಾರೆ.

ಹಾಗಾದರೆ ಒಡೆದ ಮನೆಯಿಂದ ಏನು ಆಗುತ್ತದೆ, ಏನು ಆಗುವುದಿಲ್ಲ?

ಕಾಂಕ್ರೀಟು ಆಗುತ್ತದೆ. ತೂಕ ಇದೆ, ಬಾಳಿಕೆ ಇದೆ, ಮೈ ಒರಟು. ಹೊಸದಾಗಿ ಎರಕ ಹೊಯ್ದ ಕಾಂಕ್ರೀಟಿಗಿಂತ ಹಳೆಯದರಲ್ಲಿ ಒಂದು ಅನುಕೂಲವೂ ಇದೆ. ಹೊಸ ಸಿಮೆಂಟಿನ ಸುಣ್ಣ ತುಂಬಾ ಖಾರ, ಅಂದರೆ ಕ್ಷಾರ ಜಾಸ್ತಿ. ಅದನ್ನು ಅಳೆಯುವ ಪಿಎಚ್ 12ರ ಮೇಲೆ. ಕಡಲ ನೀರಿನದು 8 ಚಿಲ್ಲರೆ. ಹೊಸ ಮೈಗೆ ಸೂಕ್ಷ್ಮ ಮರಿಗಳು ಹಿಡಿಯಲು ಸ್ವಲ್ಪ ಹಿಂಜರಿಯುತ್ತವೆ. ಹತ್ತಿಪ್ಪತ್ತು ವರ್ಷ ಗಾಳಿ ಮಳೆ ತಿಂದ ಕಾಂಕ್ರೀಟಿನ ಹೊರಮೈ ಖಾರ ಕಳೆದುಕೊಂಡಿರುತ್ತದೆ. ಅಮೆರಿಕದಲ್ಲಿ ಹಡ್ಸನ್ ನದಿಯ ಹಳೆಯ ಟಪಾನ್ ಝೀ ಸೇತುವೆಯನ್ನು ಒಡೆದಾಗ ಅದರ ಸಾಮಾನನ್ನು 2018ರಲ್ಲಿ ಲಾಂಗ್ ಐಲ್ಯಾಂಡಿನ ಕಡಲಿನಲ್ಲಿ ಬಂಡೆಗೆ ಬಳಸಿದರು. ಅಲ್ಲಿ ಜಾಗ ಮೊದಲೇ ಗೊತ್ತು ಮಾಡಿದ್ದರು, ಸಾಮಾನು ಆರಿಸಿ ತೊಳೆದು ಕಳಿಸಿದರು.

ಆದರೆ ನಮ್ಮ ಕಡೆಯ ಮನೆ ಸೇತುವೆ ಅಲ್ಲ. ಕೆಂಪುಕಲ್ಲಿನ ಗೋಡೆ, ಅದಕ್ಕೆ ಗಾರೆ, ಅದರ ಮೇಲೆ ಹತ್ತು ಸಲ ಹೊಡೆದ ಪೇಂಟು. ಮಾಡಿಗೆ ಹಂಚು, ಹಿಂದಿನ ಕೊಟ್ಟಿಗೆಗೆ ಆಸ್ಬೆಸ್ಟಾಸ್ ಶೀಟು. ಒಳಗೆ ವಯರು, ಪಿವಿಸಿ ಪೈಪು, ಬಾತ್‌ರೂಮಿನ ಟೈಲ್ಸು, ತಾರಿನ ಕೋಟಿಂಗು. ಜೆಸಿಬಿ ಎಲ್ಲವನ್ನೂ ಒಟ್ಟಿಗೆ ಒಡೆದು ಒಂದೇ ರಾಶಿ ಮಾಡುತ್ತದೆ. ಆ ರಾಶಿಯನ್ನು ಹಾಗೆಯೇ ಕಡಲಿಗೆ ಸುರಿದರೆ ಹೊಗೆ ತರದ ಪುಡಿ ತಳವನ್ನೆಲ್ಲ ಮುಚ್ಚುತ್ತದೆ, ಪ್ಲಾಸ್ಟಿಕ್ ತೇಲಿ ದಡಕ್ಕೆ ಬರುತ್ತದೆ, ಹಳೆಯ ಪೇಂಟಿನ ಸೀಸ ಚಿಪ್ಪಿನ ಹೊಟ್ಟೆಗೆ ಹೋಗುತ್ತದೆ. ಪಚ್ಚಿಲೆ ನೀರನ್ನು ಸೋಸಿ ತಿನ್ನುವ ಪ್ರಾಣಿ ಅಂತ ಆಗಲೇ ಹೇಳಿದೆ. ಅದರ ಹೊಟ್ಟೆಗೆ ಹೋದದ್ದು ನಮ್ಮ ತಟ್ಟೆಗೆ ಬರುತ್ತದೆ.

ಗೇರು ತೋಟಗಳ ಮೇಲೆ ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದದ್ದನ್ನು ಕಂಡ ಜಿಲ್ಲೆ ನಮ್ಮದು. ಏನೂ ಆಗುವುದಿಲ್ಲ ಅನ್ನುವ ಮಾತನ್ನು ನಂಬಿ ಏನಾಯಿತು ಅಂತ ಎಣ್ಮಕಜೆಯ ಮನೆಗಳಿಗೆ ಹೋದರೆ ಕಾಣುತ್ತದೆ. ಹಾಗಾಗಿ ಕಡಲಿಗೆ ಏನನ್ನಾದರೂ ಇಳಿಸುವ ಮೊದಲು ಪರೀಕ್ಷೆಯ ಚೀಟಿ ತೋರಿಸಿ ಅಂತ ಕೇಳುವ ಹಕ್ಕು ಈ ಜಿಲ್ಲೆಯವರಿಗೆ ಉಳಿದವರಿಗಿಂತ ಒಂದು ತೂಕ ಜಾಸ್ತಿಯೇ ಇದೆ ಅಂತ ನಾನು ನಂಬುತ್ತೇನೆ.

ಕಾನೂನಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ, ಅಂದರೆ ಸಿಆರ್‌ಝಡ್‌ನಲ್ಲಿ, ದಡದಿಂದ 12 ನಾಟಿಕಲ್ ಮೈಲಿಯವರೆಗಿನ ನೀರೂ ಸೇರುತ್ತದೆ. ಅಲ್ಲಿ ಕಟ್ಟಡದ ಅವಶೇಷ ಸುರಿಯುವುದು ನಿಷಿದ್ಧ. ಲಾರಿಯಲ್ಲಿ ತಂದು ರಾತ್ರೋರಾತ್ರಿ ಹೊಳೆಬಾಗಿಲಿನಲ್ಲಿ ಸುರಿದು "ಬಂಡೆ ಮಾಡಿದೆವು" ಅನ್ನುವಂತಿಲ್ಲ. ವಿಜ್ಞಾನಿಗಳು ಜಾಗ ನೋಡಿ, ಸರಕಾರ ಒಪ್ಪಿ, ಮೀನುಗಾರಿಕೆ ಇಲಾಖೆಯ ಮೂಲಕ ಆಗಬೇಕಾದ ಕೆಲಸ ಇದು.

ಇಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ನಿಂತರು. ಅವರ ಪ್ರಶ್ನೆ ಇಡೀ ಸಭೆಯ ಪ್ರಶ್ನೆಯಾಗಿತ್ತು. "ಅಲ್ಲ ಮಾರಾಯ್ರೆ, ನೀವು ಕೆಳಗೆ ಕಲ್ಲು ಇಟ್ಟು ಹೋಗ್ತೀರಿ. ನಮ್ಮ ಬಲೆ ಸಿಕ್ಕಿ ಹರಿದರೆ ಯಾರು ಕೊಡುವುದು?"

ಅಣ್ಣಾ, ಸರಿಯಾದ ಮಾತು. ಬಲೆ ಹರಿಯುತ್ತದೆ. ಎಳೆಯುವ ಬಲೆ ಯಾವುದಾದರೂ ಅಲ್ಲಿ ಸಿಕ್ಕುತ್ತದೆ. ಅದರಲ್ಲಿ ಎರಡು ಮಾತುಂಟು. ಒಂದು, ದಡದ ಹತ್ತಿರ ತಳ ಬಾಚುವ ಟ್ರಾಲ್ ಬೋಟು ಎಳೆಯಬಾರದು ಅಂತ ಕೇರಳದಲ್ಲಿ 1980ರಿಂದಲೇ ಕಾಯಿದೆ ಇದೆ. ಕಾಯಿದೆ ಇದ್ದರೂ ರಾತ್ರಿ ಎಳೆಯುವವರು ಎಳೆಯುತ್ತಾರೆ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ತಳದಲ್ಲಿ ಒಂದು ಟನ್ನಿನ ಕಾಂಕ್ರೀಟು ಕೂತಿದ್ದರೆ ಅದು ಕಾವಲು ಕಾಯುತ್ತದೆ. ಇಟಲಿಯ ತಾಲಮೋನೆಯಲ್ಲಿ ಪಾವೊಲೊ ಫಾಂಚುಲ್ಲಿ ಅನ್ನುವ ಮೀನುಗಾರ ಟ್ರಾಲರುಗಳನ್ನು ತಡೆಯಲು ಶಿಲ್ಪಿಗಳಿಂದ ಅಮೃತಶಿಲೆಯ ಮೂರ್ತಿ ಕೆತ್ತಿಸಿ ಕಡಲಡಿಗೆ ಇಳಿಸಿದ. ಸಣ್ಣ ದೋಣಿಯವರಿಗೆ ಬಂಡೆಯಿಂದ ಆಗುವ ದೊಡ್ಡ ಉಪಕಾರ ಇದೇ ಅಂತ ನನಗೆ ಅನ್ನಿಸುತ್ತದೆ. ಎರಡನೆಯದು, ಸಣ್ಣ ಬಲೆಯವರ ಹಾದಿಯಲ್ಲಿ ಅದು ಬರಬಾರದು. ಎಲ್ಲಿ ಬೀಸುತ್ತೀರಿ, ಎಲ್ಲಿ ಕೈರಂಪಣಿ ಎಳೆಯುತ್ತೀರಿ ಅಂತ ನಿಮ್ಮನ್ನು ಕೇಳದೆ ಜಾಗ ಗೊತ್ತು ಮಾಡಿದರೆ ಆ ಯೋಜನೆ ಅಲ್ಲಿಗೇ ಕೆಟ್ಟಿತು. ಹರಿದ ಬಲೆ ಬರೀ ನಿಮ್ಮ ನಷ್ಟವೂ ಅಲ್ಲ. ಬಂಡೆಗೆ ಸಿಕ್ಕಿದ ಬಲೆ ಯಾರೂ ಎಳೆಯದಿದ್ದರೂ ಮೀನು ಹಿಡಿಯುತ್ತಲೇ ಇರುತ್ತದೆ. ಏಡಿಯೊಂದು ನೈಲಾನಿನಲ್ಲಿ ಸುತ್ತಿಕೊಂಡು ಒಂದೇ ಕಾಲನ್ನು ಆಡಿಸುತ್ತಾ ಇದ್ದದ್ದನ್ನು ಬಿಡಿಸಿದ್ದೇನೆ. ಪಕ್ಕದಲ್ಲಿ ಅದೇ ಬಲೆಯಲ್ಲಿ ಖಾಲಿ ಚಿಪ್ಪುಗಳು ಎಷ್ಟೋ ಇದ್ದವು.

ತಿರುವನಂತಪುರ ಜಿಲ್ಲೆಯಲ್ಲಿ ಪೊಳಿಯೂರಿನಿಂದ ವರ್ಕಲದವರೆಗೆ 42 ಮೀನುಗಾರ ಊರುಗಳ ಎದುರಿಗೆ ಸಿಎಂಎಫ್‌ಆರ್‌ಐ, ಅಂದರೆ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ನೆರವಿನಲ್ಲಿ ಕೃತಕ ಬಂಡೆ ಇಳಿಸಿದ್ದಾರೆ. ಊರಿಗೆ 150ರಂತೆ 6,300 ತುಂಡು. ತ್ರಿಕೋನ, ಹೂವು, ಪೈಪು, ಹೀಗೆ ಮೂರು ಆಕಾರ. ಜಿಪಿಎಸ್ ನೋಡಿ ಒಂದೊಂದನ್ನೂ ಇಟ್ಟದ್ದು. ಅವು ಒಡೆದ ಮನೆಯವಲ್ಲ, ಬಂಡೆಗೆಂದೇ ಎರಕ ಹೊಯ್ದವು. ಯಾಕೆ ಅಷ್ಟು ಆಕಾರ ಅಂದರೆ, ಸಣ್ಣ ಮೀನಿಗೆ ಸಣ್ಣ ಸಂದು ಬೇಕು, ದೊಡ್ಡ ಮೀನಿಗೆ ದೊಡ್ಡದು. ಎಲ್ಲ ತೂತೂ ದೊಡ್ಡದೇ ಇದ್ದರೆ ಬೇಟೆಯಾಡುವ ಮೀನು ಒಳಗೇ ಕೂತು ಮರಿಗಳನ್ನೆಲ್ಲ ಮುಗಿಸುತ್ತದೆ. ಒಡೆದ ಸ್ಲ್ಯಾಬುಗಳನ್ನು ಸುಮ್ನೆ ಒಂದರ ಮೇಲೆ ಒಂದು ಬೀಳಿಸಿದರೆ ಒತ್ತೊತ್ತಾಗಿ ಕೂರುತ್ತವೆ, ಸಂದೇ ಇರುವುದಿಲ್ಲ. ಕೆಸರಿನ ತಳವಾದರೆ ಒಂದೆರಡು ಮಳೆಗಾಲದಲ್ಲಿ ಹೂತೇ ಹೋಗುತ್ತವೆ. ಹಾಗಾಗಿ ಗಟ್ಟಿ ಮರಳಿನ ತಳ ಬೇಕು.

ಇನ್ನು ಆಗ ಹೇಳಿದ ಜಗಳ. ಬಂಡೆಯಿಂದ ಮೀನು ಹೆಚ್ಚುತ್ತದೋ, ಬರೀ ಒಂದು ಕಡೆ ಸೇರುತ್ತದೋ? ವಿಜ್ಞಾನಿಗಳು ದಶಕಗಳಿಂದ ಇದರ ಮೇಲೆ ವಾದ ಮಾಡುತ್ತಿದ್ದಾರೆ. ನಮಗೆ ಇದು ಪುಸ್ತಕದ ವಿಷಯ ಅಲ್ಲ. ಬೊಂಡಾಸು (ಕಟಲ್‌ಫಿಶ್) ಹಿಡಿಯಲು ತೆಂಗಿನ ಗರಿ, ಹೊಂಬಾಳೆಯ ಕಟ್ಟುಗಳನ್ನು ಭಾರ ಕಟ್ಟಿ ಕಡಲಿಗೆ ಇಳಿಸುವುದನ್ನು ಕಂಡಿದ್ದೀರಿ. ಮೊಟ್ಟೆ ಇಡಲು ನೆರಳು ಹುಡುಕಿ ಬಂದವನ್ನು ಅಲ್ಲೇ ಗಾಳ ಹಾಕಿ ಹಿಡಿಯುತ್ತಾರೆ. ಕರ್ನಾಟಕದ ಕರಾವಳಿಯಲ್ಲಿ ಇದಕ್ಕಾಗಿ ದೊಡ್ಡ ಗಲಾಟೆಯೇ ಆಯಿತು, ನಿಷೇಧವೂ ಬಂತು. ಮೊಟ್ಟೆಗೆ ಬಂದ ತಾಯಿಯನ್ನೇ ಹಿಡಿದರೆ ಮುಂದಿನ ವರ್ಷ ಏನಿರುತ್ತದೆ? ಕಾಂಕ್ರೀಟಿನ ಬಂಡೆಗೂ ಇದೇ ಗತಿ ಬರಬಹುದು. ಹತ್ತು ಕಡೆ ಚದುರಿದ್ದ ಹಮೂರ್ ಒಂದೇ ಕಡೆ ಬಂದು ಸೇರಿತು, ಎಲ್ಲರಿಗೂ ಜಾಗ ಗೊತ್ತಾಯಿತು, ಒಂದೇ ವರ್ಷದಲ್ಲಿ ಎಲ್ಲವೂ ಹಿಡಿದು ಮುಗಿಯಿತು. ಅಲ್ಲಿಗೆ ಬಂಡೆ ಮೀನನ್ನು ಉಳಿಸಲಿಲ್ಲ, ಹಿಡಿದುಕೊಟ್ಟಿತು. ಹಾಗಾಗಿ ಅಲ್ಲಿ ಯಾರು ಹಿಡಿಯಬಹುದು, ಗಾಳ ಮಾತ್ರವೋ ಬಲೆಯೂ ಉಂಟೋ, ಎಷ್ಟು ಸಣ್ಣದನ್ನು ಬಿಡಬೇಕು, ಯಾವ ತಿಂಗಳು ಮುಟ್ಟಬಾರದು ಅನ್ನುವ ನಿಯಮ ಮೊದಲು ಬರಬೇಕು, ಕಾಂಕ್ರೀಟು ಆಮೇಲೆ. ನಿಯಮ ಮಾಡುವವರು ಊರಿನವರೇ ಆಗಿರಬೇಕು.

ಮೀನು ಮಾರುವ ಅಕ್ಕ ಒಬ್ಬರು ಕೇಳಿದರು: "ಅದು ಬಂದರೆ ಬೂತಾಯಿ ಜಾಸ್ತಿ ಆಗ್ತದಾ?"

ಇಲ್ಲ ಅಕ್ಕ. ಯಾರಾದರೂ ಆಗುತ್ತದೆ ಅಂದರೆ ನಂಬಬೇಡಿ. ಬೂತಾಯಿ, ಬಂಗುಡೆ ಗುಂಪು ಕಟ್ಟಿ ತಿರುಗುವ ಮೀನು. ಅವಕ್ಕೆ ಕಲ್ಲಿನ ಹಂಗಿಲ್ಲ. ಮಳೆಗಾಲದಲ್ಲಿ ಆಳದ ತಣ್ಣನೆಯ ನೀರು ಮೇಲೆ ಬಂದು, ಅದರಲ್ಲಿ ಕಣ್ಣಿಗೆ ಕಾಣದ ಆಹಾರ ಬೆಳೆದರೆ ಬೂತಾಯಿ ಬರುತ್ತದೆ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,300 ಟನ್ನಿನ ಆಸುಪಾಸು. ಆ ಏರಿಳಿತವನ್ನು ಯಾವ ಕಾಂಕ್ರೀಟೂ ತಡೆಯಲಾರದು. ಬಂಡೆಯಿಂದ ಬರುವುದು ಕಲ್ಲಿನ ಮೀನು. ಹಮೂರ್, ಚೆಂಪಲ್ಲಿ, ಏಡಿ, ಸಿಂಪಿ. ಬುಟ್ಟಿ ತುಂಬುವಷ್ಟು ಇರುವುದಿಲ್ಲ, ಆದರೆ ಬೆಲೆ ಒಳ್ಳೆಯದು.

ಬಂಡೆ ಕಟ್ಟಿದರೆ ಹವಳದ ಬಂಡೆಯೇ ಬಂದ ಹಾಗೆ ಅನ್ನುವವರೂ ಇದ್ದಾರೆ. ಅದನ್ನೂ ಒಪ್ಪಬೇಡಿ. 1956ರ ನವೆಂಬರ್ 1ರ ತನಕ ನಮ್ಮ ಕಾಸರಗೋಡು ತಾಲೂಕೂ, ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಆ ದ್ವೀಪಗಳೇ ಹವಳದಿಂದ ಆದವು. ಸಾವಿರಾರು ವರ್ಷದ ಕೆಲಸ. ಕಡಲು ಬಿಸಿಯಾದ 1998, 2010, 2016ರಲ್ಲಿ ಲಕ್ಷದ್ವೀಪದ ಹವಳ ಬಿಳುಚಿ ಎಷ್ಟೋ ಸತ್ತಿತು. ಅದನ್ನು ಕಳೆದುಕೊಂಡು ಇಲ್ಲಿ ನಾಲ್ಕು ಪೈಪು ಇಟ್ಟು ಸಮಾಧಾನ ಪಡುವ ಹಾಗಿಲ್ಲ. ನನಗೆ ಆ ದ್ವೀಪಗಳ ಬಗ್ಗೆ ಸಂಕಟವೇ ಇದೆ. ಕಾಂಕ್ರೀಟು ನೀರನ್ನು ತಣ್ಣಗೆ ಮಾಡುವುದಿಲ್ಲ.

ಒಬ್ಬ ಹುಡುಗಿ ಕೇಳಿದಳು, ಡೈವಿಂಗ್ ಎಲ್ಲಿ ಕಲಿಯಬಹುದು, ಎಷ್ಟು ವಯಸ್ಸಾಗಬೇಕು ಅಂತ. ಹತ್ತು ವರ್ಷ ತುಂಬಿದವರಿಗೆ ಮಕ್ಕಳ ಕೋರ್ಸು ಇದೆ, ಮನೆಯವರ ಒಪ್ಪಿಗೆ ಬೇಕು. ಅಸ್ತಮಾ, ಹೃದಯದ ತೊಂದರೆ, ಕಿವಿಯ ತೊಂದರೆ ಇದ್ದರೆ ಮೊದಲು ಡಾಕ್ಟರ ಹತ್ತಿರ ಕೇಳಬೇಕು. ನಮಗೆ ಹತ್ತಿರದ್ದು ಮುರ್ಡೇಶ್ವರದಿಂದ ಬೋಟಿನಲ್ಲಿ ಹೋಗುವ ನೇತ್ರಾಣಿ ದ್ವೀಪ. ಅಲ್ಲಿರುವುದು ಸಹಜ ಬಂಡೆ, ಅದನ್ನು ಮೊದಲು ನೋಡುವುದೇ ಒಳ್ಳೆಯದು. ಮಳೆ ಬಿಟ್ಟು ಹೊಳೆಗಳ ಕೆಂಪು ನೀರು ನಿಂತ ಮೇಲೆ, ಡಿಸೆಂಬರ್ ಜನವರಿಯಲ್ಲಿ, ನೀರು ತಿಳಿಯಾಗಿರುತ್ತದೆ. ಕೋರ್ಸು ಮಾಡಬೇಕಾದರೆ ಈಜು ಬರಲೇಬೇಕು. ಒಂದು ಸಲ ಇಳಿದು ನೋಡುವವರಿಗೆ ಈಜು ಬಾರದಿದ್ದರೂ ಮಾಸ್ತರರು ಕೈ ಹಿಡಿದು ಕರೆದುಕೊಂಡು ಹೋಗುತ್ತಾರೆ, 12 ಮೀಟರಿಗಿಂತ ಕೆಳಗೆ ಹೋಗುವಂತಿಲ್ಲ. ಮರುದಿನ ವಿಮಾನ ಹತ್ತುವವರು ಇದ್ದರೆ 18 ಗಂಟೆ ಬಿಡುವು ಇಡಿ.

"ಇದನ್ನು ಕಲಿತರೆ ಕೆಲಸ ಸಿಗ್ತದಾ?" ಅಂತ ಅವಳ ಪಕ್ಕದ ಹುಡುಗ.

ನಾನು ಈ ಪ್ರಶ್ನೆಗೇ ಕಾಯುತ್ತಿದ್ದೆ. ಬಂಡೆ ಇಳಿಸಿದ ಮೇಲೆ ಅದನ್ನು ವರ್ಷ ವರ್ಷ ನೋಡಬೇಕು. ತುಂಡುಗಳು ಇದ್ದಲ್ಲೇ ಇವೆಯಾ, ಹೂತು ಹೋದವಾ, ಏನು ಹಿಡಿದಿದೆ, ಯಾವ ಮೀನು ಎಷ್ಟು ಬಂದಿದೆ, ಬಲೆ ಸಿಕ್ಕಿದೆಯಾ, ಹೊರಗಿನಿಂದ ಬಂದ ಜಾತಿ ಏನಾದರೂ ಹಬ್ಬಿದೆಯಾ. ಕೇರಳದ ಹಿನ್ನೀರುಗಳಲ್ಲಿ ಅಮೆರಿಕದ ಕಡೆಯ, ಪಚ್ಚಿಲೆಯ ತರದ ಒಂದು ಜಾತಿಯ ಚಿಪ್ಪು ಹಬ್ಬಿ ನಮ್ಮ ಜಾತಿಗಳನ್ನು ಒತ್ತಿದ್ದು ಉಂಟು, ಗಟ್ಟಿ ಜಾಗ ಅದಕ್ಕೂ ಬೇಕು. ಇಳಿಸುವ ದಿನ ಫೋಟೋ ತೆಗೆಯುವವರು ತುಂಬಾ ಜನ ಬರುತ್ತಾರೆ. ಮೂರು ವರ್ಷದ ಮೇಲೆ ಇಳಿದು ನೋಡುವವರು ಬೇಕು. ಆ ಕೆಲಸಕ್ಕೆ ಹೊರಗಿನವರನ್ನು ದಿನಗೂಲಿಗೆ ಕರೆಸಿದರೆ ಅವರು ಲೆಕ್ಕ ಬರೆದು ಹೋಗುತ್ತಾರೆ. ಇಲ್ಲಿಯ ಹುಡುಗ ಹುಡುಗಿಯರಾದರೆ ಯಾವ ಕಲ್ಲಿನ ಹತ್ತಿರ ಅಪ್ಪ ಯಾವ ಮೀನು ಹಿಡಿಯುತ್ತಿದ್ದ ಅನ್ನುವುದೂ ಅವರ ತಲೆಯಲ್ಲಿ ಇರುತ್ತದೆ.

ಹಾಗಾಗಿ ಇಂಥ ಯೋಜನೆ ನಮ್ಮ ಕಡೆಗೆ ಬಂದ ದಿನ ಗ್ರಾಮಸಭೆಯಲ್ಲಿ ಎರಡು ವಿಷಯ ಬರೆಸಿ. ಊರಿನ ಇಷ್ಟು ಜನರಿಗೆ ಡೈವಿಂಗ್ ತರಬೇತಿಯ ಖರ್ಚು ಯೋಜನೆಯ ಹಣದಲ್ಲೇ ಸೇರಬೇಕು. ವರ್ಷಕ್ಕೊಮ್ಮೆ ಅವರು ನೋಡಿ ಬಂದದ್ದನ್ನು ಇದೇ ತರದ ಸಭೆಯಲ್ಲಿ ಎಲ್ಲರ ಮುಂದೆ ಹೇಳಬೇಕು. ಅದಕ್ಕೂ ಮೊದಲಿನ ಕೆಲಸ ಒಂದು ಉಂಟು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಜೂನ್ 9ರ ನಡುರಾತ್ರಿಯಿಂದ ಕೇರಳದಲ್ಲಿ ಟ್ರಾಲಿಂಗ್ ನಿಷೇಧದ 52 ದಿನ. ಕಡಲು ಕೆರಳಿ ಸಣ್ಣ ದೋಣಿಗಳೂ ಎಷ್ಟೋ ದಿನ ದಡದಲ್ಲೇ ಇರುತ್ತವೆ. ಆಗ ಮಕ್ಕಳು ನೋಟ್‌ಬುಕ್ ಹಿಡಿದು ಹಿರಿಯರ ಹತ್ತಿರ ಕೂತು, ಎಲ್ಲೆಲ್ಲಿ ಕಲ್ಲಿದೆ, ದಡದ ಯಾವ ಗುರುತು ಹಿಡಿಯಬೇಕು, ಎಷ್ಟು ಮಾರು ಆಳ, ಮೊದಲು ಅಲ್ಲಿ ಏನು ಸಿಗುತ್ತಿತ್ತು, ಈಗ ಏನು ಸಿಗುತ್ತದೆ ಅಂತ ಬರೆದುಕೊಳ್ಳಲಿ. ಕನ್ನಡ, ತುಳು, ಮಲಯಾಳ, ಬ್ಯಾರಿ, ಯಾವ ಭಾಷೆಯಲ್ಲಿ ಹೇಳಿದರೋ ಅದೇ ಭಾಷೆಯಲ್ಲಿ. ಸಹಜ ಕಲ್ಲು ಇರುವಲ್ಲಿ ಕಾಂಕ್ರೀಟು ಇಳಿಸಬಾರದು. ಎಲ್ಲಿ ಇಳಿಸಬಾರದು ಅಂತ ಮೊದಲು ಗೊತ್ತಾಗುವುದು ಆ ನೋಟ್‌ಬುಕ್ಕಿನಿಂದಲೇ.